ಕೊಡದವರ ಪಟ್ಟಿ

(ಹೊಸದಾಗಿ ಸೇವೆಗೆ ಸೇರಿದ ನೌಕರರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಂದು ಹಾಳೆಯಿಂದ ಶುರು ಮಾಡುತ್ತೇನೆ. ಮೇಲ್ಗಡೆ ಒಂದೇ ಸಾಲು: ‘ಪ್ರವಾಹ ಸಂತ್ರಸ್ತರ ನೆರವಿಗೆ ಸ್ವಇಚ್ಛೆಯ ವಂತಿಗೆ’. ಕೆಳಗೆ ನಾಲ್ಕು ಕಾಲಂ. ಕ್ರಮ ಸಂಖ್ಯೆ, ಹೆಸರು, ಮೊತ್ತ, ಸಹಿ. ಕಚೇರಿಯ ಎಲ್ಲರ ಹೆಸರನ್ನೂ ಮೊದಲೇ ಟೈಪ್ ಮಾಡಿಟ್ಟಿದ್ದಾರೆ. ಒಂದನೇ ನಂಬರಿನಲ್ಲಿ ಸಾಹೇಬರು. ಅವರು ದೊಡ್ಡ ಮೊತ್ತ ಬರೆದು ಸಹಿ ಹಾಕಿ ಆಗಿದೆ. ಎರಡನೆಯದು ಸೂಪರಿಂಟೆಂಡೆಂಟ್ ಅವರದು, ಸ್ವಲ್ಪ ಕಡಿಮೆ. ಹೀಗೆ ಮೆಟ್ಟಿಲು ಇಳಿದ ಹಾಗೆ ಮೊತ್ತ ಇಳಿಯುತ್ತಾ ಬಂದಿದೆ.

ಆ ಹಾಳೆ ಹಿಡಿದು ಟೇಬಲ್‌ನಿಂದ ಟೇಬಲ್‌ಗೆ ಓಡಾಡುವ ಕೆಲಸ ನನ್ನದು. ಆಗ ನಾನು ಸೇವೆಗೆ ಸೇರಿ ಎರಡು ವರ್ಷ ಆಗಿತ್ತು. ಪಟ್ಟಿಯ ಕೊನೆಯಲ್ಲಿ ನಮ್ಮ ಅಟೆಂಡರ್ ಹೆಸರು. ವಯಸ್ಸಿನಲ್ಲಿ ನನಗಿಂತ ತುಂಬಾ ದೊಡ್ಡವರು. ಹಾಳೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಕೇಳಿದರು: “ಕಡೇ ಪಕ್ಷ ಎಷ್ಟು ಬರೀಬೇಕು ಸರ್?”

ಕೊಡಬೇಕಾ ಅಂತ ಕೇಳಲಿಲ್ಲ. ಕಡೇ ಪಕ್ಷ ಎಷ್ಟು ಅಂತ ಕೇಳಿದರು. “ನಿಮ್ಮಿಷ್ಟ, ಕಡ್ಡಾಯ ಇಲ್ಲ” ಅಂದೆ. “ಖಾಲಿ ಬಿಟ್ರೆ ಚೆನ್ನಾಗಿರಲ್ಲ ಅಲ್ವಾ ಸರ್” ಎಂದು ಒಂದು ಅಂಕಿ ಬರೆದು ಸಹಿ ಹಾಕಿದರು. ಆ ತಿಂಗಳು ಅವರ ಹೆಂಡತಿ ಆಸ್ಪತ್ರೆಯಲ್ಲಿದ್ದರು. ಅದು ನನಗೆ ಗೊತ್ತಾದದ್ದು ಆಮೇಲೆ. ಆ ದುಡ್ಡನ್ನು ಅವರು ಸಾಲ ತಂದು ಕೊಟ್ಟಿದ್ದರು.

ಅವರನ್ನು ಯಾರೂ ಬಲವಂತ ಮಾಡಿರಲಿಲ್ಲ. ಸಾಹೇಬರು ಒಳ್ಳೆಯವರು. ನೆರವು ಬೇಕಿದ್ದವರ ಕಷ್ಟ ನಿಜ. ನಾನೂ ಜೋರು ಮಾಡಲಿಲ್ಲ. ಅವರ ಕೈಯಲ್ಲಿ ಬರೆಸಿದ್ದು ಅವರ ಹೆಸರಿನ ಮುಂದಿದ್ದ ಖಾಲಿ ಜಾಗ. ಸರ್ಕಾರಿ ಕಚೇರಿಯಲ್ಲಿ ದೇಣಿಗೆ ಎತ್ತುವುದಕ್ಕೆ ನಿಯಮ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಖಾಲಿ ಜಾಗವೇ.

ಕೇಳುವವರು ಯಾರು ಎಂಬುದರ ಮೇಲೆ ಕೇಳುವುದರ ತೂಕ ಬದಲಾಗುತ್ತದೆ. ಬೀದಿಯಲ್ಲಿ ಡಬ್ಬಿ ಹಿಡಿದು ಬಂದವರಿಗೆ ‘ಇವತ್ತು ಇಲ್ಲಪ್ಪಾ’ ಅಂದು ಮುಂದೆ ಹೋಗಬಹುದು. ಮತ್ತೆ ಅವರು ಸಿಗುವುದಿಲ್ಲ. ಕಚೇರಿಯಲ್ಲಿ ಹಾಗಲ್ಲ. ನಾಳೆ ನನ್ನ ರಜೆ ಅರ್ಜಿಗೆ ಸಹಿ ಹಾಕುವವರು ಅವರೇ. ವರ್ಗಾವಣೆ, ಬಡ್ತಿ, ವರ್ಷದ ಕೊನೆಗೆ ನನ್ನ ಕೆಲಸದ ಬಗ್ಗೆ ಬರೆಯುವ ವರದಿ, ಎಲ್ಲ ಅವರ ಕೈಯಲ್ಲಿ. ಅಂಥವರು ನಗುನಗುತ್ತಾ ಕೇಳಿದರೂ ಅದು ಆದೇಶದ ಹಾಗೇ ಕೇಳಿಸುತ್ತದೆ. ಇನ್ನೊಂದು ಕಡೆ ಕೌಂಟರಿನ ಆಚೆ ನಿಂತ ಜನ ಇದ್ದಾರೆ. ಅವರ ಫೈಲು ನಮ್ಮ ಟೇಬಲ್ ಮೇಲಿದೆ. ಅವರ ಮುಂದೆ ನಾವು ರಸೀದಿ ಪುಸ್ತಕ ತೆಗೆದರೆ, ಎಷ್ಟೇ ಒಳ್ಳೆಯ ಕೆಲಸಕ್ಕಾದರೂ, ಅವರು ಅದನ್ನು ದಾನ ಎಂದುಕೊಳ್ಳುವುದಿಲ್ಲ. ಕೆಲಸ ಆಗಲು ಕೊಡಬೇಕಾದ ದುಡ್ಡು ಅಂದುಕೊಳ್ಳುತ್ತಾರೆ.

ಈ ವಿಷಯದಲ್ಲಿ ತುಂಬಾ ವಿವರವಾಗಿ ನಿಯಮ ಬರೆದುಕೊಂಡಿರುವ ಒಂದು ವ್ಯವಸ್ಥೆಯೆಂದರೆ ಅಮೆರಿಕದ ಕೇಂದ್ರ ಸರ್ಕಾರದ್ದು. ಅವರಿಗೆ ಈ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. 1950ರ ದಶಕಕ್ಕೆ ಮುಂಚೆ ಅಲ್ಲಿನ ಕಚೇರಿಗಳಲ್ಲಿ ಲಂಗುಲಗಾಮಿರಲಿಲ್ಲ. ದೇಣಿಗೆ ಕೇಳಲು ಒಂದು ಸಂಸ್ಥೆ ಬಂದು ಹೋದ ಮೇಲೆ ಇನ್ನೊಂದು. ಇಲಾಖೆಗೆ ಇಷ್ಟು, ತಲೆಗೆ ಇಷ್ಟು ಅಂತ ಗುರಿ. ಮೇಲಿನವರಿಂದ ಒತ್ತಡ. ನನ್ನ ದುಡ್ಡು ಇಂಥ ಕೆಲಸಕ್ಕೇ ಹೋಗಲಿ ಎಂದು ಹೇಳುವ ಅವಕಾಶವೂ ಇರಲಿಲ್ಲ. ಇಷ್ಟೆಲ್ಲ ಮಾಡಿ ಕೂಡಿದ್ದೆಷ್ಟು? ಬಹಳ ಜನ ಜೇಬಿನಲ್ಲಿದ್ದ ಚಿಲ್ಲರೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು.

1957ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಇದನ್ನು ಹತೋಟಿಗೆ ತರಲು ಒಂದು ಸಮಿತಿ ಮಾಡಿದರು. 1961ರ ಮಾರ್ಚ್‌ನಲ್ಲಿ ಕೆನಡಿ ಆ ಸಮಿತಿ ತೆಗೆದು, ಜವಾಬ್ದಾರಿಯನ್ನು ನೌಕರರ ವಿಷಯ ನೋಡಿಕೊಳ್ಳುವ ಸಿವಿಲ್ ಸರ್ವಿಸ್ ಆಯೋಗಕ್ಕೆ ವಹಿಸಿದರು. 1964ರಲ್ಲಿ ಆರು ನಗರಗಳಲ್ಲಿ ಒಂದು ಪ್ರಯೋಗ ನಡೆಯಿತು. ಎಲ್ಲ ಸಂಸ್ಥೆಗಳ ಪರವಾಗಿ ವರ್ಷಕ್ಕೆ ಒಂದೇ ಸಲ, ಒಟ್ಟಿಗೆ ಕೇಳುವುದು. ಹೆಸರು ಕಂಬೈಂಡ್ ಫೆಡರಲ್ ಕ್ಯಾಂಪೇನ್, ಚಿಕ್ಕದಾಗಿ ಸಿಎಫ್‌ಸಿ. ಕೇಳುವುದು ಕಡಿಮೆಯಾಯಿತು, ಬಂದ ದುಡ್ಡು ಜಾಸ್ತಿಯಾಯಿತು. ಆ ನಗರಗಳಲ್ಲಿ ಶೇಕಡಾ 20ರಿಂದ 125ರವರೆಗೆ ಏರಿಕೆ. ಕೆಲವೇ ವರ್ಷಗಳಲ್ಲಿ ಅದೇ ದೇಶಕ್ಕೆಲ್ಲ ಪದ್ಧತಿಯಾಯಿತು. ಸಂಬಳದಲ್ಲೇ ಕಂತು ಕಂತಾಗಿ ಹಿಡಿಸಿಕೊಳ್ಳುವ ಅನುಕೂಲವೂ ಬಂತು. 1961ರಿಂದ ಈಚೆಗೆ ಹೀಗೆ ಕೂಡಿದ ದುಡ್ಡು 800 ಕೋಟಿ ಡಾಲರ್ ದಾಟಿದೆ.

ಈ ಅಂಕಿಗಿಂತ ನನಗೆ ಮುಖ್ಯ ಅನ್ನಿಸಿದ್ದು ಅವರ ನಿಯಮಾವಳಿಯಲ್ಲಿರುವ ಒಂದು ಪುಟ್ಟ ಭಾಗ. ಒತ್ತಾಯ ತಡೆಯುವ ಭಾಗ ಅದು. ಕೊಡುವುದು ಬಿಡುವುದು ನೌಕರರ ಇಷ್ಟ, ಕೊಟ್ಟದ್ದನ್ನು ಹೇಳಿಕೊಳ್ಳುವುದು ಗುಟ್ಟಾಗಿಡುವುದು ಕೂಡ ಅವರ ಇಷ್ಟ ಎಂದು ಮೊದಲೇ ಹೇಳುತ್ತದೆ. ಆ ಇಷ್ಟಕ್ಕೆ ಜಾಗವಿಲ್ಲ ಎಂದು ಮೇಲ್ನೋಟಕ್ಕೆ ಅನ್ನಿಸಿದರೂ ಸಾಕು, ಅದು ತಪ್ಪು. ಆಮೇಲೆ ಏನೇನು ಮಾಡಕೂಡದು ಎಂದು ಒಂದೊಂದಾಗಿ ಹೇಳುತ್ತದೆ. ಅದನ್ನು ಓದುವಾಗ ನನ್ನ ಆ ಹಾಳೆಯನ್ನು ಯಾರೋ ಮುಂದಿಟ್ಟುಕೊಂಡು ಬರೆದ ಹಾಗಿತ್ತು.

ಮೊದಲನೆಯದು, ತನ್ನ ಕೈಕೆಳಗಿನವರ ಹತ್ತಿರ ಮೇಲಧಿಕಾರಿ ಕೇಳಕೂಡದು. ನೇರ ಮೇಲಧಿಕಾರಿ ಮಾತ್ರ ಅಲ್ಲ, ಅವರ ಮೇಲಿನವರೂ, ಅವರ ಮೇಲಿನವರೂ ಕೇಳಕೂಡದು. ಇಲಾಖೆಯ ಮುಖ್ಯಸ್ಥರು ಅಭಿಯಾನಕ್ಕೆ ಚಾಲನೆ ಕೊಡಬಹುದು, ‘ಇದು ಒಳ್ಳೆಯ ಕೆಲಸ’ ಎಂದು ಎಲ್ಲರಿಗೂ ಒಂದು ಸುತ್ತೋಲೆ ಕಳಿಸಬಹುದು. ಅಷ್ಟೇ. ಒಬ್ಬೊಬ್ಬರ ಮುಂದೆ ನಿಂತು ಕೇಳುವ ಕೆಲಸ ಸಮಾನರದ್ದು.

ಎರಡನೆಯದು, ನೀನು ಕೊಟ್ಟೆಯಾ, ಎಷ್ಟು ಕೊಟ್ಟೆ ಎಂದು ಮೇಲಧಿಕಾರಿ ವಿಚಾರಿಸಕೂಡದು. ತನ್ನ ವಿಭಾಗದಿಂದ ಒಟ್ಟು ಎಷ್ಟು ಬಂತು ಎಂಬುದಷ್ಟೇ ಅವರಿಗೆ ಸಿಗಬೇಕಾದ ಮಾಹಿತಿ.

ಇನ್ನೊಂದು ಇದೆ, ಸ್ವಲ್ಪ ಆಶ್ಚರ್ಯ ಆಗಬಹುದು. ‘ನಮ್ಮ ಕಚೇರಿ ನೂರಕ್ಕೆ ನೂರು’ ಎಂಬ ಗುರಿ ಇಡಕೂಡದು. ನೂರಕ್ಕೆ ನೂರು ಅಂದರೆ ಒಳ್ಳೆಯದೇ ಅಲ್ವಾ, ಎಲ್ಲರೂ ಕೊಟ್ಟ ಹಾಗಾಯಿತಲ್ಲ? ಯೋಚಿಸಿ ನೋಡಿ. ನಲವತ್ತು ಜನರ ಕಚೇರಿ. ಮೂವತ್ತೊಂಬತ್ತು ಜನ ಕೊಟ್ಟಿದ್ದಾರೆ. ಬೋರ್ಡಿನ ಮೇಲೆ 39 ಅಂತ ಬರೆದಿದೆ. ಉಳಿದವರು ಒಬ್ಬರು. ಊಟದ ಹೊತ್ತಿಗೆ ಆ ಒಬ್ಬರು ಯಾರು ಎಂದು ಎಲ್ಲರಿಗೂ ಗೊತ್ತು. ಅವರ ಟೇಬಲ್ ಹತ್ತಿರ ಯಾರೋ ಬಂದು ‘ಒಂದು ರೂಪಾಯಿ ಆದರೂ ಹಾಕಿ, ಲೆಕ್ಕ ಆಗಲಿ’ ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅವರ ‘ಇಲ್ಲ’ ಎಂಬ ಮಾತು ಅಲ್ಲಿಗೆ ಸತ್ತುಹೋಯಿತು.

ತಲೆಗೆ ಇಷ್ಟು ಎಂದು ಮೊತ್ತ ಗೊತ್ತುಮಾಡುವುದೂ ಇಲ್ಲ. ವಿಭಾಗದಿಂದ ಎಷ್ಟು ಎತ್ತಿಕೊಟ್ಟರು ಎಂಬುದನ್ನು ಅಲ್ಲಿನ ಮೇಲ್ವಿಚಾರಕರ ವಾರ್ಷಿಕ ಮೌಲ್ಯಮಾಪನದಲ್ಲಿ ಲೆಕ್ಕಕ್ಕೆ ಹಿಡಿಯುವುದೂ ಇಲ್ಲ. ಈ ಎರಡನೆಯದು ಬಹಳ ಜಾಣತನದ ನಿಯಮ. ಒತ್ತಡ ಹುಟ್ಟುವುದು ಅಲ್ಲೇ. ಸೂಪರಿಂಟೆಂಡೆಂಟ್ ತಲೆಯ ಮೇಲೆ ಗುರಿ ಕೂತರೆ ಅದು ಅಟೆಂಡರ್ ತನಕ ಇಳಿಯದೆ ಇರುವುದಿಲ್ಲ.

ಕೊಡದವರ ಪಟ್ಟಿ ಮಾಡಕೂಡದು, ಇಟ್ಟುಕೊಳ್ಳಕೂಡದು, ಬಳಸಕೂಡದು. ಕೊಟ್ಟವರ ಪಟ್ಟಿ ಇರಬಹುದು, ಆದರೆ ದುಡ್ಡು ವಸೂಲಿ ಮಾಡಿ ಸೇರಬೇಕಾದಲ್ಲಿಗೆ ಸೇರಿಸುವ ಮಾಮೂಲಿ ಕೆಲಸಕ್ಕೆ ಮಾತ್ರ. ಈಗ ನನ್ನ ಆ ಹಾಳೆ ನೆನಪಿಸಿಕೊಳ್ಳಿ. ಎಲ್ಲರ ಹೆಸರು ಮೊದಲೇ ಟೈಪ್ ಮಾಡಿ ಮುಂದೆ ಖಾಲಿ ಬಿಟ್ಟ ಪಟ್ಟಿ, ತುಂಬುವ ತನಕ, ಕೊಡದವರ ಪಟ್ಟಿಯೇ. ನಾವು ಯಾರೂ ಕೆಟ್ಟ ಮನಸ್ಸಿನಿಂದ ಮಾಡಿರಲಿಲ್ಲ. ಸುಮ್ನೆ ಸಂಬಳದ ಬಿಲ್ಲಿನಿಂದ ಹೆಸರುಗಳನ್ನು ನಕಲು ಮಾಡಿದ್ದೆವು, ಕೆಲಸ ಸುಲಭವಾಗಲಿ ಎಂದು.

ನಮ್ಮ ದೇಶದಲ್ಲೂ ಇದೇ ಪ್ರಶ್ನೆ ಸುಪ್ರೀಂ ಕೋರ್ಟ್ ತನಕ ಹೋಗಿದೆ. 2018ರ ಆಗಸ್ಟ್‌ನಲ್ಲಿ ಕೇರಳದಲ್ಲಿ ಬಂದ ಪ್ರವಾಹ ನಿಮಗೆ ನೆನಪಿರಬಹುದು. ಅಲ್ಲಿನ ಸರ್ಕಾರ ತನ್ನ ನೌಕರರನ್ನು ಒಂದು ತಿಂಗಳ ಸಂಬಳ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಡಿ ಎಂದು ಕೇಳಿತು. ಕಂತುಗಳಲ್ಲಿ ಕೊಡುವುದಕ್ಕೂ ಅವಕಾಶ ಇತ್ತು. ಕಷ್ಟ ಬೆಟ್ಟದಷ್ಟಿತ್ತು, ಕೇಳಿದ್ದರಲ್ಲಿ ತಪ್ಪೇನಿಲ್ಲ. ಎಷ್ಟೋ ನೌಕರರು ತಾವಾಗಿಯೇ ಮುಂದೆ ಬಂದು ಕೊಟ್ಟರು. ಆದರೆ ಆದೇಶದಲ್ಲಿ ಒಂದು ಷರತ್ತಿತ್ತು. ಕೊಡಲು ಒಪ್ಪದವರು, ಒಪ್ಪಿಗೆ ಇಲ್ಲ ಎಂದು ಬರೆದುಕೊಡಬೇಕು.

ಆ ಷರತ್ತು ಹೈಕೋರ್ಟಿಗೆ ಹೋಯಿತು. ಅಕ್ಟೋಬರ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲೂ ಅಕ್ಟೋಬರ್ 29ರಂದು, ನಾವು ಕೈ ಹಾಕುವುದಿಲ್ಲ ಎಂದರು. ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಒಬ್ಬ ನೌಕರ ಬರೆದುಕೊಟ್ಟು ಯಾಕೆ ಅವಮಾನ ಪಡಬೇಕು ಎಂಬುದು ಅಲ್ಲಿ ಬಂದ ಮಾತಿನ ಸಾರ.

ಎರಡು ದಾರಿ ನೋಡಿ. ಒಂದರಲ್ಲಿ ಕೊಡುವವರು ‘ಕೊಡುತ್ತೇನೆ’ ಎಂದು ಬರೆಯಬೇಕು. ಇನ್ನೊಂದರಲ್ಲಿ ಕೊಡದವರು ‘ಕೊಡುವುದಿಲ್ಲ’ ಎಂದು ಬರೆಯಬೇಕು. ಕಾಗದದ ಮೇಲೆ ಎರಡೂ ಸ್ವಇಚ್ಛೆಯೇ. ಎರಡರಲ್ಲೂ ಬೇಡ ಅನ್ನುವ ಹಕ್ಕು ಇದೆ. ಆದರೆ ಎರಡನೆಯದರಲ್ಲಿ ಆ ಹಕ್ಕು ಬಳಸಬೇಕಾದರೆ, ಸಂಬಳದ ಬಿಲ್ ಮಾಡುವವರ ಟೇಬಲ್ ಮುಂದೆ ಹೋಗಿ ನಿಲ್ಲಬೇಕು. ಹೆಸರು, ಹುದ್ದೆ ಬರೆದು ‘ನನ್ನಿಂದ ಆಗದು’ ಎಂದು ಕೊಡಬೇಕು. ಆ ಕಾಗದ ಫೈಲಿನಲ್ಲಿ ಉಳಿಯುತ್ತದೆ. ಮನೆಯಲ್ಲಿ ಕಾಯಿಲೆ ಇರಬಹುದು, ಸಾಲ ಇರಬಹುದು, ಬೇರೆ ಕಡೆ ಆಗಲೇ ಕೊಟ್ಟಿರಬಹುದು. ಅದನ್ನೆಲ್ಲ ಯಾರ ಮುಂದೆ ಹೇಳಿಕೊಳ್ಳುವುದು? ಸುಮ್ಮನಿದ್ದವರನ್ನು ಒಪ್ಪಿದವರೆಂದು ಎಣಿಸುವ ಸುತ್ತೋಲೆ ನಾಳೆ ನಿಮ್ಮಲ್ಲಿ ಯಾರಾದರೂ ಬರೆಯಬೇಕಾಗಿ ಬಂದರೆ, ದಯವಿಟ್ಟು ಈ ಪ್ರಕರಣ ನೆನಪಿಸಿಕೊಳ್ಳಿ. ಕರಡು ಮಾಡುವಾಗಲೇ ಮೇಲಿನವರಿಗೆ ತೋರಿಸಿ.

ನಮ್ಮ ಕೇಂದ್ರ ಸರ್ಕಾರದ ನೌಕರರಿಗೆ 1964ರ ನಡತೆ ನಿಯಮಗಳಿವೆ. ಅದರ 12ನೇ ನಿಯಮ ಬಿಗಿಯಾಗಿದೆ. ಸರ್ಕಾರದ ಅಥವಾ ಗೊತ್ತುಪಡಿಸಿದ ಅಧಿಕಾರಿಯ ಮುಂಚಿನ ಮಂಜೂರಾತಿ ಇಲ್ಲದೆ, ಯಾವ ಉದ್ದೇಶಕ್ಕೇ ಆಗಲಿ, ನೌಕರ ವಂತಿಗೆ ಕೇಳಕೂಡದು, ತೆಗೆದುಕೊಳ್ಳಕೂಡದು, ನಿಧಿ ಎತ್ತುವ ಕೆಲಸದಲ್ಲಿ ಸೇರಿಕೊಳ್ಳಕೂಡದು. ದುಡ್ಡಾದರೂ ಅಷ್ಟೇ, ವಸ್ತುವಾದರೂ ಅಷ್ಟೇ. ‘ಯಾವ ಉದ್ದೇಶಕ್ಕೇ ಆಗಲಿ’ ಎಂಬ ಮಾತನ್ನು ಗಮನಿಸಿ. ಒಳ್ಳೆಯ ಕೆಲಸ, ಕೆಟ್ಟ ಕೆಲಸ ಎಂಬ ಭೇದವೇ ಇಲ್ಲ. ಎಷ್ಟೋ ಜನ ಇದನ್ನು ತಪ್ಪು ತಿಳಿದುಕೊಂಡು ಕೊಡುವುದಕ್ಕೂ ಹೆದರುತ್ತಾರೆ. ಹಾಗೇನಿಲ್ಲ. ನಿಮ್ಮ ಜೇಬಿನಿಂದ ನೀವು ಒಂದು ಧರ್ಮಕಾರ್ಯದ ನಿಧಿಗೆ ಕೊಟ್ಟರೆ ಈ ನಿಯಮ ಮುರಿದ ಹಾಗಾಗುವುದಿಲ್ಲ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದ ಸಂಗ್ರಹದಲ್ಲಿ ಸ್ವಂತ ಇಷ್ಟದಿಂದ ಕೈಜೋಡಿಸುವುದಕ್ಕೆ ಬೇರೆ ಮಂಜೂರಾತಿಯೂ ಬೇಡ. ರಾಜ್ಯ ಸರ್ಕಾರಗಳಿಗೆ ಅವುಗಳದೇ ನಿಯಮಗಳಿವೆ. ನಿಮ್ಮ ಸೇವೆಗೆ ಯಾವುದು ಅನ್ವಯವೋ ಅದನ್ನು ತೆಗೆದು ಓದಿ. ಒಂದೆರಡು ಪ್ಯಾರಾ ಇರುತ್ತದೆ, ಜಾಸ್ತಿ ಹೊತ್ತು ಹಿಡಿಯುವುದಿಲ್ಲ.

ಅಮೆರಿಕದ ನಿಯಮಕ್ಕೂ ನಮ್ಮದಕ್ಕೂ ಇಲ್ಲಿ ಒಂದು ವ್ಯತ್ಯಾಸ. ಅಲ್ಲಿ ವಸ್ತುಗಳನ್ನು ಕೂಡಿಸುವುದು ಸಿಎಫ್‌ಸಿ ನಿಯಮದ ಹೊರಗಿದೆ. ಆಹಾರ, ಬಟ್ಟೆ, ಮಕ್ಕಳ ಆಟಿಕೆ ಕೂಡಿಸುವುದಾದರೆ ಆಯಾ ಇಲಾಖೆಯೇ ತೀರ್ಮಾನಿಸುತ್ತದೆ. ಸಿಬ್ಬಂದಿ ತಮ್ಮ ಸಂಘದೊಳಗೆ, ತಮ್ಮವರ ನೆರವಿಗೆ ಎತ್ತುವ ನಿಧಿಯೂ ಹಾಗೇ. ದೊಡ್ಡ ವಿಪತ್ತು ಬಂದಾಗ ವರ್ಷದ ಅಭಿಯಾನದ ತನಕ ಕಾಯಲು ಆಗದಿದ್ದರೆ ವಿಶೇಷ ಅನುಮತಿಯೂ ಸಿಗುತ್ತದೆ.

ಇನ್ನು ಯಾವ ಸಂಸ್ಥೆಗಳಿಗೆ ಬಾಗಿಲು ತೆರೆಯಬೇಕು ಎಂಬ ಪ್ರಶ್ನೆ. ಇದು ಮೇಲ್ನೋಟಕ್ಕೆ ಕಾಣುವಷ್ಟು ಸುಲಭ ಅಲ್ಲ. 1983ರಲ್ಲಿ ಅಧ್ಯಕ್ಷ ರೇಗನ್ ಆದೇಶ ಹೊರಡಿಸಿ, ಆರೋಗ್ಯ ಮತ್ತು ಕಲ್ಯಾಣದ ಸೇವೆ ನೇರವಾಗಿ ಮಾಡುವ ಸಂಸ್ಥೆಗಳಿಗೆ ಮಾತ್ರ ಸಿಎಫ್‌ಸಿಯಲ್ಲಿ ಜಾಗ ಎಂದರು. ಕೋರ್ಟುಗಳಲ್ಲಿ ಹೋರಾಡುವ, ರಾಜಕೀಯ ವಿಷಯಗಳ ಬಗ್ಗೆ ವಕಾಲತ್ತು ಮಾಡುವ ಸಂಸ್ಥೆಗಳು ಹೊರಗೆ. ಕರಿಯರ ನಾಗರಿಕ ಹಕ್ಕುಗಳಿಗಾಗಿ ದಶಕಗಳಿಂದ ವ್ಯಾಜ್ಯ ನಡೆಸುತ್ತಿದ್ದ ಎನ್‌ಎಎಸಿಪಿ ಲೀಗಲ್ ಡಿಫೆನ್ಸ್ ಫಂಡ್ ಮತ್ತು ಅಂಥ ಇನ್ನು ಕೆಲವು ಸಂಸ್ಥೆಗಳು ಕೋರ್ಟಿಗೆ ಹೋದವು. 1985ರ ಜುಲೈ 2ರಂದು ಅಮೆರಿಕದ ಸುಪ್ರೀಂ ಕೋರ್ಟ್ 4–3ರ ಬಹುಮತದಲ್ಲಿ ತೀರ್ಪು ಕೊಟ್ಟಿತು. ತೀರ್ಪು ಬರೆದವರು ಸಾಂಡ್ರಾ ಡೇ ಓಕಾನರ್.

ದೇಣಿಗೆ ಕೇಳುವುದೂ ಮಾತಾಡುವುದೇ, ಅದಕ್ಕೆ ಸಂವಿಧಾನದ ರಕ್ಷಣೆ ಇದೆ ಎಂದು ಕೋರ್ಟ್ ಒಪ್ಪಿತು. ಆದರೆ ಕಚೇರಿಯ ಒಳಗಿನ ಈ ಅಭಿಯಾನ, ಯಾರು ಬೇಕಾದರೂ ಬಂದು ಮಾತಾಡಬಹುದಾದ ಊರ ಮಧ್ಯದ ಮೈದಾನವಲ್ಲ. ಯಾರು ಒಳಗೆ ಎಂದು ಸರ್ಕಾರ ಮಿತಿ ಹಾಕಬಹುದು. ಮಿತಿಗೆ ತಕ್ಕ ಕಾರಣ ಇರಬೇಕು. ನಿಮ್ಮ ನಿಲುವು ನಮಗೆ ಹಿಡಿಸಲಿಲ್ಲ ಎಂದು ಮಾತ್ರ ಹೊರಗಿಡುವ ಹಾಗಿಲ್ಲ. ಇಲ್ಲಿ ಅಂಥ ತಾರತಮ್ಯ ಆಗಿದೆಯಾ ಎಂದು ನೋಡಲು ಪ್ರಕರಣವನ್ನು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿದರು. 1987ರ ಕೊನೆಗೆ ಅಲ್ಲಿನ ಸಂಸತ್ತೇ ಕಾನೂನು ಮಾಡಿ ಬಾಗಿಲನ್ನು ಅಗಲವಾಗಿ ಇಡಿಸಿತು. ನನ್ನ ಅಭಿಪ್ರಾಯ ಕೇಳಿದರೆ, ಅಗಲವಾಗಿ ಇಟ್ಟದ್ದೇ ಸರಿ. ಸಂಸ್ಥೆ ನೋಂದಣಿ ಆಗಿದೆಯೇ, ಲೆಕ್ಕ ಪರಿಶೋಧನೆ ಆಗಿದೆಯೇ, ಬಂದ ದುಡ್ಡಿನಲ್ಲಿ ಕಚೇರಿ ಖರ್ಚಿಗೆ ಎಷ್ಟು ಹೋಗುತ್ತಿದೆ, ಇವನ್ನು ಸರ್ಕಾರ ನೋಡಲಿ. ಕ್ಯಾನ್ಸರ್ ಆಸ್ಪತ್ರೆಗೆ ಕೊಡಬೇಕೋ, ಕಾಡು ಉಳಿಸುವವರಿಗೆ ಕೊಡಬೇಕೋ, ಬಡವರ ಪರ ವಕೀಲಿಕೆ ಮಾಡುವವರಿಗೆ ಕೊಡಬೇಕೋ ಎಂಬುದು ಕೊಡುವವರ ಮನಸ್ಸಿಗೆ ಬಿಟ್ಟದ್ದು.

2017ರಿಂದ ಅಲ್ಲಿ ಇನ್ನೊಂದು ಬದಲಾವಣೆ ಆಯಿತು. ನಗದು ನಿಲ್ಲಿಸಿ ಹೆಚ್ಚಿನದನ್ನು ಆನ್‌ಲೈನ್ ಕಡೆಗೆ ತಂದರು. ಅದರಿಂದ ಪಕ್ಕದ ಟೇಬಲ್‌ನವರ ಕೈಗೆ ಫಾರಂ ಕೊಡುವ ಮುಜುಗರ ತಪ್ಪಿತು. ಆದರೆ ಹೊತ್ತು ಮೀರಿ ಬಂದ ಸುಧಾರಣೆ ಅದು. ಸಿಎಫ್‌ಸಿಗೆ ಬರುವ ದುಡ್ಡು ಆಗಲೇ ಇಳಿಯುತ್ತಿತ್ತು. 2009ರಲ್ಲಿ 28 ಕೋಟಿ ಡಾಲರ್ ದಾಟಿ ತುತ್ತತುದಿ ಮುಟ್ಟಿದ್ದು, ಮತ್ತೆ ಅಲ್ಲಿಗೆ ಹೋಗಲೇ ಇಲ್ಲ. ಮೊಬೈಲ್‌ನಲ್ಲಿ ಯಾರಿಗೆ ಬೇಕಾದರೂ ನೇರವಾಗಿ ಕೊಡುವ ಕಾಲದಲ್ಲಿ ಕಚೇರಿಯ ಮೂಲಕ ಯಾಕೆ ಕೊಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ.

ಕೊನೆಗೆ ನಿಮ್ಮಲ್ಲೊಬ್ಬರು ಒಂದು ಚೀಟಿ ಕಳಿಸಿದ್ದಾರೆ. “ಮೇಡಂ ನಿವೃತ್ತಿ ಆಗುವಾಗ ಉಡುಗೊರೆಗೆ ದುಡ್ಡು ಎತ್ತುತ್ತೇವೆ. ಅದೂ ತಪ್ಪಾ ಸರ್?” ಒಳ್ಳೆಯ ಪ್ರಶ್ನೆ. ಅಮೆರಿಕದಲ್ಲಿ ಇದಕ್ಕೂ ನಿಯಮ ಇದೆ. ಕೈಕೆಳಗಿನವರು ಮೇಲಧಿಕಾರಿಗೆ ಉಡುಗೊರೆ ಕೊಡುವುದು ಸಾಮಾನ್ಯವಾಗಿ ನಿಷಿದ್ಧ. ಮದುವೆ, ಕಾಯಿಲೆ, ನಿವೃತ್ತಿ, ಇಂಥ ಅಪರೂಪದ ಸಂದರ್ಭಕ್ಕೆ ವಿನಾಯಿತಿ ಇದೆ. ಆಗಲೂ ಎತ್ತುವ ಮೊತ್ತ ಚಿಕ್ಕದಿರಬೇಕು, ಕೊಡುವುದು ಬಿಡುವುದು ಅವರವರ ಇಷ್ಟ ಆಗಿರಬೇಕು. ಅದು ಒಪ್ಪುವ ಮಾತು. ಮೇಡಂಗೆ ಒಂದು ಒಳ್ಳೆಯ ನೆನಪಿನ ಕಾಣಿಕೆ ಕೊಡಿ. ಅದಕ್ಕೆ ಯಾರೆಷ್ಟು ಹಾಕಿದರು ಎಂಬ ಪಟ್ಟಿಯನ್ನು ಅವರ ಕೈಗೆ ಕೊಡಬೇಡಿ.

ಎಷ್ಟೋ ವರ್ಷದ ಮೇಲೆ ನಾನೇ ಸೂಪರಿಂಟೆಂಡೆಂಟ್ ಆಗಿದ್ದಾಗ, ಬೇರೆ ಕಚೇರಿಯಲ್ಲಿ, ಸಹೋದ್ಯೋಗಿಯೊಬ್ಬರ ಮಗುವಿಗೆ ಆಪರೇಷನ್ ಆಗಬೇಕಿತ್ತು. ಮೇಲಿನಿಂದ ಲಿಖಿತ ಅನುಮತಿ ತರಿಸಿದೆವು. ಆಮೇಲೆ ರೆಕಾರ್ಡ್ ರೂಮಿನಲ್ಲಿ ಬೀಗ ಹಾಕಿದ ಒಂದು ಡಬ್ಬಿ ಇಟ್ಟೆವು. ಪಕ್ಕದಲ್ಲಿ ಒಂದೇ ಥರದ ಲಕೋಟೆಗಳ ಕಟ್ಟು. ಎಲ್ಲರೂ ಒಂದು ಲಕೋಟೆ ಹಾಕಬೇಕು, ಒಳಗೆ ದುಡ್ಡು ಇಡುವುದು ಬಿಡುವುದು ಅವರಿಷ್ಟ. ವಾರದ ಕೊನೆಗೆ ಇಬ್ಬರು ಕೂತು ಎಣಿಸಿ, ಒಟ್ಟು ಮೊತ್ತವನ್ನು ಮಾತ್ರ ಬೋರ್ಡಿಗೆ ಬರೆಯುವುದು.

ಅಲ್ಲಿನ ಅಟೆಂಡರ್ ಬಾಗಿಲಲ್ಲಿ ನಿಂತು ಕೇಳಿದರು: “ಯಾರು ಎಷ್ಟು ಹಾಕಿದ್ರು ಅಂತ ಗೊತ್ತಾಗಲ್ವಾ ಸರ್?”

“ಗೊತ್ತಾಗಲ್ಲ” ಅಂದೆ.

ಒಂದು ಲಕೋಟೆ ತೆಗೆದುಕೊಂಡು ಒಳಗೆ ಹೋದರು. ಎರಡು ನಿಮಿಷ ಬಿಟ್ಟು ಹೊರಗೆ ಬಂದು, ಟಪಾಲು ಹಿಡಿದುಕೊಂಡು ತಮ್ಮ ಕೆಲಸಕ್ಕೆ ಹೋದರು. ಆ ಲಕೋಟೆಯಲ್ಲಿ ಏನಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.